ತೋಳಪಟ್ಟಿ ಕಟ್ಟಿದವನಿಗೆ 'ನಿಲ್ಲು' ಎನ್ನುವವರು ಯಾರು?

(ಹಲಕುಂದಿಯಲ್ಲಿ ಸೇರಿದ್ದ ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಹಗಲೆಲ್ಲ ಹತ್ತಿಯ ಧೂಳು ಕುಡಿದು ಬಂದವರನ್ನು ರಾತ್ರಿ ಭಾಷಣ ಕೇಳಲು ಕೂಡಿಸುವುದು ಅನ್ಯಾಯವೇ ಸರಿ. ಆದರೂ ಇಷ್ಟು ಜನ ಬಂದಿದ್ದೀರಿ. ಕಾರಣ ನಮಗೆ ಗೊತ್ತಿದೆ. ನಮ್ಮ ತರುಣರು ಒಂದು ಬೇಡಿಕೆ ಇಟ್ಟಿದ್ದಾರೆ. ಸಂಘಕ್ಕೆ ತನ್ನದೇ ಆದ ಒಂದು ಸ್ವಯಂಸೇವಕ ದಳ ಬೇಕು. ಎಲ್ಲರಿಗೂ ಒಂದೇ ಬಣ್ಣದ ಅಂಗಿ, ತೋಳಿಗೆ ಪಟ್ಟಿ, ಕೈಗೊಂದು ಕೋಲು, ಭಾನುವಾರ ಬೆಳಿಗ್ಗೆ ಕವಾಯತು. ಹಿರಿಯರಲ್ಲಿ ಕೆಲವರು ಇದು ಬೇಡವೆನ್ನುತ್ತಾರೆ. ಅಂಗಡಿಕಾರರಂತೂ ಬಾಯಿ ಬಿಟ್ಟು ಏನೂ ಹೇಳಿಲ್ಲ. ಆದರೆ ಅವರ ಮುಖ ನೋಡಿದರೆ ಹೆದರಿದ್ದಾರೆಂದು ತಿಳಿಯುತ್ತದೆ. ಈ ರಾತ್ರಿ ಸಭೆ ತೀರ್ಮಾನ ಮಾಡಬೇಕು. ಅದಕ್ಕೆ ಮೊದಲು ನಾಲ್ಕು ಮಾತು ಹೇಳಲು ನಮ್ಮನ್ನು ಕರೆದಿದ್ದೀರಿ.

ಅವರು ಹೆದರಿದ್ದೇಕೆ ಎಂಬುದನ್ನು ಮೊದಲು ಒಪ್ಪಿಕೊಂಡುಬಿಡೋಣ. ಕೆಲವು ವರ್ಷಗಳ ಹಿಂದೆ ಒಂದು ಬಂದ್ ದಿನ ನಮ್ಮ ಹುಡುಗರು ತೋಳಿಗೆ ಪಟ್ಟಿ ಕಟ್ಟಿಕೊಂಡು ಬೀದಿಗಿಳಿದರು. ಒಂದು ಕಿರಾಣಿ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಬ್ಬ ಅದನ್ನು ಒದ್ದ. ಇನ್ನೊಬ್ಬ ತಕ್ಕಡಿಯನ್ನು ಬೀದಿಗೆಸೆದ. ಜೋಳ ಮಣ್ಣುಪಾಲಾಯಿತು. ನಾವು ಹತ್ತು ಮಾರು ದೂರದಲ್ಲಿ ನಿಂತಿದ್ದೆವು. ಬೇಡವೆನ್ನಲಿಲ್ಲ. ಸಂಜೆ ಕ್ಷಮೆ ಕೇಳಲು ಹೋದಾಗ ಆ ಮುದುಕ ಶೆಟ್ಟರು ಬೈಯಲಿಲ್ಲ. "ಏನಣ್ಣಾ, ಸ್ಟ್ರೈಕಿನಾಗ ನಿಮ್ಮ ಹುಡುಗ್ರಿಗೆ ಉದ್ರಿ ಬರ್ಕೊಂಡ ಪುಸ್ತಕ ಅದೇ ತಕ್ಕಡಿ ಬುಡಕ್ಕ ಇತ್ತಲ್ಲ" ಎಂದರು. ಅಷ್ಟೇ. ಆ ಮಾತು ಇಂದಿಗೂ ನಮ್ಮ ಎದೆಯಲ್ಲಿ ಮುಳ್ಳಿನಂತೆ ಉಳಿದಿದೆ. ಒದ್ದ ಹುಡುಗ ಕೆಟ್ಟವನಲ್ಲ. ಹಿಂದಿನ ದಿನ ಅದೇ ಅಂಗಡಿಯಲ್ಲಿ ಕೂತು ಬೀಡಿ ಸೇದಿದವನು. ಒಂದು ಗೇಣು ಬಟ್ಟೆ ತೋಳಿಗೆ ಬಂದದ್ದೇ ಅವನು ಬೇರೆ ಮನುಷ್ಯನಾದ.

ಆ ಬಟ್ಟೆಯ ಚೂರಿಗೆ ಇಂಥ ಶಕ್ತಿ ಎಲ್ಲಿಂದ ಬಂತು? ಅದನ್ನು ಒಳ್ಳೆಯ ಕೆಲಸಕ್ಕೆ ಹೂಡುವ ದಾರಿ ಇದೆಯೇ? ಈ ಪ್ರಶ್ನೆ ನಮಗೆ ಹೊಸದು, ಲೋಕಕ್ಕೆ ಹಳೆಯದು. ಎರಡು ಮಹಾಯುದ್ಧಗಳ ನಡುವಿನ 20 ವರ್ಷಗಳಲ್ಲಿ ದೇಶದೇಶಗಳ ತರುಣರು ಅಂಗಿಯ ಬಣ್ಣ ಆರಿಸಿಕೊಂಡು ಸಾಲು ಕಟ್ಟಿ ನಡೆದರು. ಇಟಲಿಯಲ್ಲಿ ಕಪ್ಪು ಅಂಗಿ, ಜರ್ಮನಿಯಲ್ಲಿ ಕಂದು ಅಂಗಿ. ಅವುಗಳ ಕಥೆ ಎಲ್ಲರಿಗೂ ಗೊತ್ತು. ಅದೇ ಕಾಲದಲ್ಲಿ ನಮ್ಮ ಕನ್ನಡ ನಾಡಿನ ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರು ಬಿಳಿ ಖಾದಿಯ ದಳ ಕಟ್ಟಿದರು. ಅವರು ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ. ಅವರ ಬಾಳನ್ನೂ, ಅವರ ಸಮಕಾಲೀನರಾದ ಫ್ರಾನ್ಸಿನ ಇಬ್ಬರು ದಳಪತಿಗಳ ಬಾಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕೀತೆಂದು ನಮ್ಮ ಎಣಿಕೆ.

ಧಾರವಾಡದಿಂದ ಅಮೆರಿಕಕ್ಕೆ

ಹರ್ಡೀಕರರು ಹುಟ್ಟಿದ್ದು 1889ರ ಮೇ 7ರಂದು, ಧಾರವಾಡದಲ್ಲಿ. ತಿಲಕರ ಮಾತು ಕೇಳಿ ಬೆಳೆದ ಪೀಳಿಗೆ ಅವರದು. ಕಲ್ಕತ್ತೆಯಲ್ಲಿ ವೈದ್ಯ ವಿದ್ಯೆ ಕಲಿತು, 1913ರಲ್ಲಿ ಅಮೆರಿಕಕ್ಕೆ ಹೋಗಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ಓದಿದರು. ಅಲ್ಲಿ ಲಾಲಾ ಲಜಪತರಾಯರ ಸಹವಾಸ ದೊರೆಯಿತು. ಲಾಲಾಜಿಯವರು 1917ರಲ್ಲಿ ನ್ಯೂಯಾರ್ಕಿನಲ್ಲಿ ಭಾರತದ ಹೋಂರೂಲ್ ಲೀಗನ್ನು ಸ್ಥಾಪಿಸಿದಾಗ ಹರ್ಡೀಕರರು ಅದರ ಕೆಲಸಕ್ಕೆ ಹೆಗಲು ಕೊಟ್ಟು, ಊರೂರು ತಿರುಗಿ ಭಾರತದ ಪರವಾಗಿ ಸಭೆ ನಡೆಸಿದರು.

1921ರಲ್ಲಿ ಅವರು ತಾಯ್ನಾಡಿಗೆ ಮರಳಿದರು. ದೊಡ್ಡ ಪದವಿ ಹೊತ್ತು ಬಂದ ಡಾಕ್ಟರು. ಬಯಸಿದ್ದರೆ ಮುಂಬಯಿಯಲ್ಲಿ ಬೋರ್ಡು ತೂಗುಹಾಕಿ ಹಣ ಎಣಿಸಬಹುದಾಗಿತ್ತು. ಅವರು ಹುಬ್ಬಳ್ಳಿಯನ್ನು ಆರಿಸಿಕೊಂಡರು. ದೇಶವೆಲ್ಲ ಅಸಹಕಾರದ ಅಲೆಯ ಮೇಲಿತ್ತು. ಅದೇ ವರ್ಷ ಜುಲೈ 1ರಂದು ಧಾರವಾಡದಲ್ಲಿ ಹೆಂಡದಂಗಡಿಯ ಮುಂದೆ ಪಿಕೆಟಿಂಗ್ ನಡೆದಾಗ ಪೋಲೀಸರು ಗುಂಡು ಹಾರಿಸಿ ಮೂವರು ಸತ್ತಿದ್ದರು. ಜನರಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಧೈರ್ಯ ಒಂದು ಕಡೆಗೆ, ಏರ್ಪಾಡು ಇನ್ನೊಂದು ಕಡೆಗೆ.

ಇದನ್ನು ಗಾಂಧೀಜಿಯವರೂ ಕಂಡಿದ್ದರು. ತಮ್ಮ ಪ್ರವಾಸದಲ್ಲಿ ರೈಲು ನಿಲ್ದಾಣಗಳಲ್ಲಿ ಜನ ನುಗ್ಗಿ, ಕೂಗಾಡಿ, ಒಬ್ಬರನ್ನೊಬ್ಬರು ತುಳಿಯುವುದನ್ನು ನೋಡಿ ಬೇಸತ್ತು, ಗುಂಪಿನ ಆಳ್ವಿಕೆಗೂ ಪ್ರಜೆಗಳ ಆಳ್ವಿಕೆಗೂ ಇರುವ ಭೇದವನ್ನು ಕುರಿತು 1920ರಲ್ಲಿ ತಮ್ಮ ಪತ್ರಿಕೆಯಲ್ಲಿ ಬರೆದರು. ತರಬೇತಿಯಿಲ್ಲದ ಸ್ವಯಂಸೇವಕರಿಗೆ ಗುಂಪನ್ನು ನಡೆಸುವ ಕೆಲಸ ಕೊಡಬಾರದೆಂಬುದು ಅವರ ಅಭಿಪ್ರಾಯವಾಗಿತ್ತು. 1921ರಲ್ಲಿ ಅವರು ನಮ್ಮ ಬಳ್ಳಾರಿಗೂ ಬಂದರು. ಆಂಧ್ರ ಕಾಂಗ್ರೆಸ್ಸಿನವರೂ ಕರ್ನಾಟಕ ಕಾಂಗ್ರೆಸ್ಸಿನವರೂ ಅತಿಥಿ ನಮ್ಮವರೆಂದು ಹಗ್ಗಜಗ್ಗಾಡಿದ್ದರಿಂದ ಮಹಾತ್ಮರು ಯಾರ ಮನೆಗೂ ಹೋಗದೆ ರೈಲು ನಿಲ್ದಾಣದಲ್ಲಿಯೇ ಹೊತ್ತು ಕಳೆದರೆಂದು ಊರ ಹಿರಿಯರು ಹೇಳುತ್ತ ಬಂದಿದ್ದಾರೆ. ಭಕ್ತಿ ಇದ್ದೂ ಶಿಸ್ತು ಇಲ್ಲದಿದ್ದರೆ ಅತಿಥಿಗೆ ನಿಲ್ದಾಣದ ಬೆಂಚೇ ಗತಿ!

ನಾಗಪುರದ ಪಾಠ, ಕಾಕಿನಾಡದ ವಾದ

1923ರ ಬೇಸಿಗೆಯಲ್ಲಿ ನಾಗಪುರದ ಧ್ವಜ ಸತ್ಯಾಗ್ರಹ ನಡೆಯಿತು. ಚರಕದ ಬಾವುಟ ಹಿಡಿದು ಬೀದಿಯಲ್ಲಿ ನಡೆಯುವುದಕ್ಕೆ ಸರ್ಕಾರ ತಡೆಹಾಕಿತ್ತು. ನಾನಾ ಪ್ರಾಂತಗಳಿಂದ ಸ್ವಯಂಸೇವಕರು ಹೋಗಿ ಬಂಧನಕ್ಕೊಳಗಾದರು. ಹುಬ್ಬಳ್ಳಿಯಿಂದ ಹರ್ಡೀಕರರ ಸೇವಾ ಮಂಡಳದವರೂ ಹೋದರು. ಜೈಲಿನ ಕಷ್ಟ ತಾಳಲಾರದೆ ಅನೇಕರು ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯವರು ಬರೆದುಕೊಡಲಿಲ್ಲ. ಅವರ ಮೈ ಕಬ್ಬಿಣದ್ದೇನಲ್ಲ. ಒಟ್ಟಿಗೆ ಏಳುವುದು, ಒಟ್ಟಿಗೆ ಉಣ್ಣುವುದು, ಒಬ್ಬ ಕುಗ್ಗಿದರೆ ಮತ್ತೊಬ್ಬ ಎತ್ತುವುದು, ಇದನ್ನು ಮೊದಲೇ ಕಲಿತು ಹೋಗಿದ್ದರು. ಮುಷ್ಕರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೂರನೆಯ ವಾರ ಮನೆಯಲ್ಲಿ ಹಿಟ್ಟು ಮುಗಿದಾಗ ಯಾರು ಗೇಟಿನ ಒಳಗೆ ಹೋಗುತ್ತಾರೆ, ಯಾರು ಹೊರಗೆ ನಿಲ್ಲುತ್ತಾರೆ ಎಂಬುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ.

ನಾಗಪುರದ ಈ ಅನುಭವದ ಬಲದಿಂದ ಅದೇ ವರ್ಷ ಡಿಸೆಂಬರಿನಲ್ಲಿ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಅಖಿಲ ಭಾರತ ದಳವೊಂದು ಬೇಕೆಂದು ಹರ್ಡೀಕರರು ಮಂಡಿಸಿದರು. ಜವಾಹರಲಾಲ ನೆಹರೂ ಬೆಂಬಲಕ್ಕೆ ನಿಂತರು. ಹಿಂದೂಸ್ತಾನಿ ಸೇವಾ ದಳ ಹುಟ್ಟಿತು. ನೆಹರೂ ಅದರ ಮೊದಲ ಅಧ್ಯಕ್ಷರು. ಕೇಂದ್ರ ಕಚೇರಿ ನಮ್ಮ ಹುಬ್ಬಳ್ಳಿಯಲ್ಲಿ.

ಆದರೆ ಅಲ್ಲಿ ನಡೆದ ವಾದ ನಮಗೆ ಬಹಳ ಮುಖ್ಯ. ದೊಡ್ಡ ದೊಡ್ಡ ಮುಖಂಡರೇ ಇದನ್ನು ವಿರೋಧಿಸಿದರೆಂದು ನೆಹರೂ ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ದಂಡಿನ ರೀತಿಯನ್ನು ಕಾಂಗ್ರೆಸ್ಸಿನೊಳಕ್ಕೆ ತಂದರೆ ನಾಳೆ ದಂಡೇ ಸಭೆಯನ್ನು ಆಳೀತು ಎಂದು ಕೆಲವರು ಹೆದರಿದರು. ಕವಾಯತಿಗೂ ಅಹಿಂಸೆಗೂ ಕೂಡಿಬರದು ಎಂದು ಇನ್ನು ಕೆಲವರ ಅಳುಕು. ಈ ಭಯ ಹುಸಿಯಾಗಿರಲಿಲ್ಲ. ಒಂದು ವರ್ಷದ ಹಿಂದೆ, 1922ರ ಅಕ್ಟೋಬರಿನಲ್ಲಿ, ಮುಸೋಲಿನಿಯ ಕಪ್ಪಂಗಿಯವರು ರೋಮಿನ ಮೇಲೆ ನಡೆದು ಬಂದು ಸರ್ಕಾರವನ್ನೇ ಕೈಗೆ ತೆಗೆದುಕೊಂಡಿದ್ದರು. ಹರ್ಡೀಕರರು ಈ ಭಯಕ್ಕೆ ಬಾಯಲ್ಲಿ ಉತ್ತರಿಸಿದ್ದಕ್ಕಿಂತ ಕೆಲಸದಲ್ಲಿ ಉತ್ತರಿಸಿದ್ದು ಹೆಚ್ಚು.

ಬೆಳಗಾವಿಯಲ್ಲಿ ಕಸಬರಿಕೆ

ಮರುವರ್ಷ, 1924ರ ಡಿಸೆಂಬರಿನಲ್ಲಿ, ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ವಿಜಯನಗರವೆಂಬ ಹೆಸರಿನ ಬಿಡಾರ ಎದ್ದು ನಿಂತಿತು. ಸ್ವಯಂಸೇವಕರ ಹೊಣೆ ಹರ್ಡೀಕರರದು. ಅವರ ತರುಣರು ನೀರು ಹೊತ್ತರು, ದಾರಿ ತೋರಿದರು, ರಾತ್ರಿ ಪಹರೆ ಕಾದರು. ಕಕ್ಕಸು ಶುದ್ಧಿ ಮಾಡುವ ಕೆಲಸಕ್ಕೆ ಬ್ರಾಹ್ಮಣರ ಮಕ್ಕಳೂ ಪೊರಕೆ ಹಿಡಿದು ಹೋದರು. ಅದು 1924ನೆಯ ಇಸವಿ ಎಂಬುದನ್ನು ಮರೆಯಬೇಡಿ. ಸಮವಸ್ತ್ರ ತೊಟ್ಟವನು ಮೊದಲು ಕೈ ಹಾಕಿದ್ದು ಊರಿನವರು ಮುಟ್ಟಲು ಹೇಸುವ ಕೆಲಸಕ್ಕೆ.

ಹೆಂಗಸರ ದಳದ ನೇತೃತ್ವ ಉಮಾಬಾಯಿ ಕುಂದಾಪುರರದು. 1923ರಲ್ಲಿ ಗಂಡನನ್ನು ಕಳೆದುಕೊಂಡ ಆ ತಾಯಿ ಹುಬ್ಬಳ್ಳಿಗೆ ಬಂದು, ಮಾವ ಆನಂದರಾಯರ ಒತ್ತಾಸೆಯಿಂದ ಭಗಿನಿ ಮಂಡಳವನ್ನು ನಡೆಸುತ್ತಿದ್ದರು. ವಿಧವೆಯರು ಹೊಸ್ತಿಲು ದಾಟಬಾರದೆನ್ನುವ ಕಾಲದಲ್ಲಿ ಅವರು 150ಕ್ಕೂ ಹೆಚ್ಚು ಹೆಂಗಸರನ್ನು ಬೆಳಗಾವಿಯ ಕೆಲಸಕ್ಕೆ ಕೂಡಿಸಿದರು. ಅವರಲ್ಲಿ ವಿಧವೆಯರೂ ಇದ್ದರು. 1932ರಲ್ಲಿ ಯರವಡಾ ಜೈಲು ಕಂಡರು. ಅವರ ಮುದ್ರಣಾಲಯವನ್ನು ಸರ್ಕಾರ ಕಸಿದುಕೊಂಡಿತು. 1992ರಲ್ಲಿ ತೀರಿಕೊಳ್ಳುವವರೆಗೂ ಅಧಿಕಾರದ ಕಡೆ ತಿರುಗಿ ನೋಡಲಿಲ್ಲ. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ಇದೇ ದಳದಲ್ಲಿ ದುಡಿದವರು. 1936ರಲ್ಲಿ ಮೀರತ್ತಿನಲ್ಲಿ ಸೇರಿದ ಕಾಂಗ್ರೆಸ್ ಸಮಾಜವಾದಿ ಪಕ್ಷದ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾಗಿದ್ದರು. ದಳದ ಕವಾಯತು ಮೈದಾನದಲ್ಲಿ ಸಮಾಜವಾದದ ಹೆಜ್ಜೆಯೂ ಬಿದ್ದಿತ್ತೆಂಬುದಕ್ಕೆ ಇದು ಸಾಕ್ಷಿ.

ಪ್ರತಿ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ 8 ಗಂಟೆಗೆ ಬಾವುಟ ಏರಿಸುವ ಪದ್ಧತಿಯನ್ನು ದಳ ಹಾಕಿಕೊಟ್ಟಿತು. ಅಲ್ಲಿ ವಂದನೆ ಬಾವುಟಕ್ಕೆ ಸಲ್ಲುತ್ತಿತ್ತು, ದಳಪತಿಗಲ್ಲ. ಈ ಮಾತನ್ನು ಜ್ಞಾಪಕದಲ್ಲಿಟ್ಟುಕೊಂಡು ಈಗ ನಮ್ಮೊಂದಿಗೆ ಫ್ರಾನ್ಸಿಗೆ ಬನ್ನಿ.

ಫ್ರಾನ್ಸಿನ ಕರ್ನಲ್

ಫ್ರಾನ್ಸು ಮೊದಲ ಮಹಾಯುದ್ಧದಲ್ಲಿ ಗೆದ್ದಿತ್ತು, ಗೆದ್ದೂ ಬಸವಳಿದಿತ್ತು. ಯುದ್ಧದಲ್ಲಿ ಪದಕ ಪಡೆದ ಸೈನಿಕರು 1927ರಲ್ಲಿ 'ಬೆಂಕಿಯ ಶಿಲುಬೆ' ಎಂಬರ್ಥದ ಹೆಸರಿನ ಸಂಘ ಕಟ್ಟಿಕೊಂಡರು. 1931ರಲ್ಲಿ ಅದರ ಅಧ್ಯಕ್ಷನಾದವನು ನಿವೃತ್ತ ಕರ್ನಲ್ ಫ್ರಾಂಸ್ವಾ ದ ಲಾ ರೋಕ್. 1885ರಲ್ಲಿ ಹುಟ್ಟಿದ ಜಮೀನ್ದಾರಿ ಮನೆತನದವನು. ಮೊರೊಕ್ಕೋದಲ್ಲಿ ಕಾದಿದವನು, ಯುದ್ಧದಲ್ಲಿ ಗಾಯಗೊಂಡವನು. ಅವನ ಕೈಯಲ್ಲಿ ಆ ಸಂಘ ಲಕ್ಷಗಟ್ಟಲೆ ಜನರ ದಳವಾಯಿತು. ಒಂದು ಸುದ್ದಿ ಹೋದರೆ ಸಾಕು, ಎಲ್ಲಿಗೆ ಏಕೆ ಎಂದು ತಿಳಿಯದೆಯೇ ನೂರಾರು ಮೋಟಾರುಗಳು ಒಂದೇ ಕಡೆ ಬಂದು ನಿಲ್ಲುತ್ತಿದ್ದವು. ಇಂದು ಮೊಬೈಲಿನಲ್ಲಿ ನಡೆಯುವುದು ಅಂದು ಮೋಟಾರಿನಲ್ಲಿ ನಡೆಯಿತು.

ಯಾರು ಸೇರಿದರು? ಅಂಗಡಿಕಾರರು, ಗುಮಾಸ್ತರು, ಸಣ್ಣ ಪಿಂಚಣಿದಾರರು ಬಹುಸಂಖ್ಯೆಯಲ್ಲಿ ಸೇರಿದರು. ಅವರ ಸಿಟ್ಟಿಗೆ ಕಾರಣವಿತ್ತು. ವ್ಯಾಪಾರ ಕುಸಿದಿತ್ತು. ಸ್ಟಾವಿಸ್ಕಿ ಎಂಬ ವಂಚಕ ಸುಳ್ಳು ಬಾಂಡುಗಳನ್ನು ಹರಡಿ ಕೋಟ್ಯಂತರ ಹಣ ನುಂಗಿದ್ದ. ಅವನಿಗೆ ರಾಜಕಾರಣಿಗಳ ರಕ್ಷಣೆಯಿತ್ತೆಂಬುದು 1934ರ ಆರಂಭದಲ್ಲಿ ಬಯಲಾಯಿತು. ಕಳ್ಳರು ಶಾಸನಸಭೆಯಲ್ಲಿದ್ದಾರೆ ಎಂಬ ಕೂಗು ಎದ್ದಿತು. ಕಳ್ಳರನ್ನು ಹಿಡಿಯಿರಿ ಎಂಬ ಕೂಗು ನ್ಯಾಯವಾದದ್ದೇ. ಆದರೆ ಅದು ಬರುಬರುತ್ತ ಶಾಸನಸಭೆಯನ್ನೇ ಕೆಡವಿರಿ ಎಂಬ ಕೂಗಾಯಿತು. 1934ರ ಫೆಬ್ರವರಿ 6ರ ರಾತ್ರಿ ಹಲವು ದಳಗಳು ಪ್ಯಾರಿಸ್ಸಿನಲ್ಲಿ ಶಾಸನಸಭೆಯ ಕಡೆಗೆ ನುಗ್ಗಿದವು. ಗುಂಡು ಹಾರಿತು, ಸುಮಾರು 15 ಜನ ಸತ್ತರು. ಮರುದಿನ ಪ್ರಧಾನಿ ದಲಾದಿಯೆ ರಾಜೀನಾಮೆ ಕೊಟ್ಟ. ಜನ ಆರಿಸಿದ ಸರ್ಕಾರವನ್ನು ಬೀದಿ ಇಳಿಸಿತು.

ಆ ರಾತ್ರಿ ಲಾ ರೋಕ್ ತನ್ನವರನ್ನು ಶಾಸನಸಭೆಯ ಹಿಂಬದಿಯವರೆಗೆ ತಂದು, ಒಳನುಗ್ಗಿಸದೆ ಹಿಂದಕ್ಕೆ ಕರೆದುಕೊಂಡ. ಅವನು ಫ್ಯಾಸಿಸ್ಟನೇ ಅಲ್ಲವೇ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ನ್ಯಾಯವಾಗಿ ಹೇಳಬೇಕಾದರೆ ಅವನ ದಳದವರು ಬಡವರಿಗೆ ಅಂಬಲಿ ಹಂಚಿದರು, ಮಕ್ಕಳಿಗೆ ರಜೆಯ ಶಿಬಿರ ನಡೆಸಿದರು. ಎಂದಮೇಲೆ ಸೇವೆ ಮಾಡುತ್ತಾರೆ ಎಂಬುದೊಂದೇ ದಳಕ್ಕೆ ಒರೆಗಲ್ಲಾಗಲಾರದು. ಆ ರಾತ್ರಿ ಅವರು ನಿಂತದ್ದು ಒಬ್ಬ ಮನುಷ್ಯ ನಿಲ್ಲಿ ಎಂದದ್ದರಿಂದ. ಅವನು ನುಗ್ಗಿ ಎಂದಿದ್ದರೆ ನುಗ್ಗುತ್ತಿದ್ದರು. ಒಂದು ರಾಷ್ಟ್ರದ ಗತಿ ಒಬ್ಬನ ನಾಲಗೆಯ ತುದಿಯಲ್ಲಿ ನಿಂತಿತ್ತು.

ಫ್ರಾನ್ಸಿನ ಕಾರ್ಮಿಕರು ಇದನ್ನು ಬೇಗ ಅರಿತರು. ಫೆಬ್ರವರಿ 12ರಂದು ಸಾರ್ವತ್ರಿಕ ಮುಷ್ಕರ ಹೂಡಿದರು. ವರ್ಷಗಳಿಂದ ಜಗಳವಾಡುತ್ತಿದ್ದ ಸಮಾಜವಾದಿಗಳ ಮತ್ತು ಕಮ್ಯುನಿಸ್ಟರ ಮೆರವಣಿಗೆಗಳು ಪ್ಯಾರಿಸ್ಸಿನ ಬೀದಿಯಲ್ಲಿ ಎದುರುಬದುರಾಗಿ, ಹೊಡೆದಾಡುವ ಬದಲು ಒಂದಾದವು. ಅದರಿಂದ ಜನತಾ ರಂಗ ಹುಟ್ಟಿ, 1936ರಲ್ಲಿ ಚುನಾವಣೆ ಗೆದ್ದು, ಸಮಾಜವಾದಿ ಲಿಯೋ ಬ್ಲುಮ್ ಪ್ರಧಾನಿಯಾದ. ಕೆಲಸಗಾರರು ಕಾರ್ಖಾನೆಗಳಲ್ಲೇ ಕುಳಿತು ಮುಷ್ಕರ ನಡೆಸಿ ಸಂಬಳ ಏರಿಕೆ, ವಾರಕ್ಕೆ 40 ಗಂಟೆಯ ದುಡಿಮೆ, ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಪಡೆದರು. ಅದೇ ಜೂನಿನಲ್ಲಿ ಸರ್ಕಾರ ಈ ದಳಗಳನ್ನು ವಿಸರ್ಜಿಸಿತು.

ಕೆಲಸಗಾರನ ಮಗ ಡೊರಿಯೊ

ಎರಡನೆಯವನ ಕಥೆ ನಮ್ಮನ್ನು ಇನ್ನೂ ಹತ್ತಿರದಿಂದ ಚುಚ್ಚುತ್ತದೆ. ಅವನು ನಮ್ಮವನೇ. ಜಾಕ್ ಡೊರಿಯೊ 1898ರಲ್ಲಿ ಕಮ್ಮಾರನ ಮಗನಾಗಿ ಹುಟ್ಟಿದ. ಪ್ಯಾರಿಸ್ಸಿನ ಪಕ್ಕದ ಸೇಂಟ್ ಡೆನಿಸ್‌ನಲ್ಲಿ ಲೋಹದ ಕಾರ್ಖಾನೆಯ ಕೆಲಸಗಾರನಾದ. ಯುದ್ಧಕ್ಕೆ ಹೋಗಿ ಪದಕ ಪಡೆದ. ಆಮೇಲೆ ಕಮ್ಯುನಿಸ್ಟ್ ತರುಣರ ಮುಂದಾಳಾದ. ಸೈನ್ಯದ ವಿರುದ್ಧ ಪ್ರಚಾರ ಮಾಡಿ ಜೈಲಿನಲ್ಲಿದ್ದಾಗಲೇ 1924ರಲ್ಲಿ ಜನ ಅವನನ್ನು ಶಾಸನಸಭೆಗೆ ಆರಿಸಿದರು. ಮೊರೊಕ್ಕೋದಲ್ಲಿ ಫ್ರಾನ್ಸು ರಿಫ್ ಜನರ ಮೇಲೆ ಯುದ್ಧ ಹೂಡಿದಾಗ ಅದನ್ನು ಧೈರ್ಯದಿಂದ ವಿರೋಧಿಸಿದ. 1931ರಲ್ಲಿ ಸೇಂಟ್ ಡೆನಿಸ್‌ನ ಮೇಯರನಾದ. 1934ರಲ್ಲಿ ಸಮಾಜವಾದಿಗಳೊಡನೆ ಒಂದಾಗಬೇಕೆಂದು ತನ್ನ ಪಕ್ಷಕ್ಕಿಂತ ಮೊದಲೇ ಹೇಳಿದ. ಅದು ಸರಿಯಾದ ಮಾತೇ ಆಗಿತ್ತು. ವಿಚಾರಣೆಗೆ ಮಾಸ್ಕೋಗೆ ಬಾ ಎಂದರೆ ಹೋಗಲಿಲ್ಲ. ಜೂನಿನಲ್ಲಿ ಪಕ್ಷ ಅವನನ್ನು ಹೊರಹಾಕಿತು. ವಿಚಿತ್ರ ನೋಡಿ: ಅವನನ್ನು ಹೊರಹಾಕಿದ ಪಕ್ಷವೇ ಅವನು ಹೇಳಿದ ಐಕ್ಯದ ದಾರಿಯನ್ನು ಹಿಡಿಯಿತು.

ಸರಿಯಾದದ್ದನ್ನು ಹೇಳಿ ಶಿಕ್ಷೆ ಪಡೆದವನ ನೋವು ದೊಡ್ಡದು, ಒಪ್ಪೋಣ. ಆದರೆ ಆ ನೋವು ಅವನನ್ನು ಎಲ್ಲಿಗೆ ಒಯ್ದಿತು? 1936ರ ಜೂನಿನಲ್ಲಿ ಅವನು ಫ್ರೆಂಚ್ ಜನತಾ ಪಕ್ಷವೆಂಬ ಹೆಸರಿನ ಹೊಸ ಪಕ್ಷ ಕಟ್ಟಿದ. ಹೆಸರು ಜನತೆಯದು, ಹಣ ಬಂಡವಳಿಗರದು ಮತ್ತು ಮುಸೋಲಿನಿಯದು. ಸದಸ್ಯನಾಗುವವನು ಪಕ್ಷಕ್ಕೂ ಅದರ ನಾಯಕನಿಗೂ ನಿಷ್ಠನಾಗಿರುವೆನೆಂದು ಆಣೆ ಇಡಬೇಕಾಗಿತ್ತು. ನಾಯಕನೆಂದರೆ ಡೊರಿಯೊ. ಯುರೋಪಿನ ಎರಡನೆಯ ಯುದ್ಧದಲ್ಲಿ ಜರ್ಮನರು ಫ್ರಾನ್ಸನ್ನು ಹಿಡಿದಾಗ ಈ ರಾಷ್ಟ್ರಭಕ್ತ ಏನು ಮಾಡಿದ? ಅವರ ಪರವಾಗಿ ರಷ್ಯದಲ್ಲಿ ಕಾದಲು ಫ್ರೆಂಚ್ ಪಡೆ ಕಟ್ಟುವುದರಲ್ಲಿ ಮುಂದಾಗಿ, ತಾನೇ ಜರ್ಮನ್ ಸಮವಸ್ತ್ರ ತೊಟ್ಟ. 1945ರ ಫೆಬ್ರವರಿಯಲ್ಲಿ ಜರ್ಮನಿಯ ರಸ್ತೆಯೊಂದರಲ್ಲಿ ಅವನ ಮೋಟಾರಿನ ಮೇಲೆ ವಿಮಾನದಿಂದ ಗುಂಡು ಬಿದ್ದು ಸತ್ತ. ರಾಷ್ಟ್ರ, ರಾಷ್ಟ್ರ ಎಂದು ಕೂಗಿದವನ ಮೈಮೇಲೆ ಕೊನೆಗೆ ಶತ್ರುವಿನ ಅಂಗಿ ಉಳಿಯಿತು. ಲಾ ರೋಕ್‌ನ ಕೊನೆಯಾದರೂ ಬೇರೆ ತೆರನಾದದ್ದು. ಅವನು ಮೊದಲು ಪೆತಾಂ ಮಾರ್ಷಲನನ್ನು ಬೆಂಬಲಿಸಿ, ಆಮೇಲೆ ಗುಟ್ಟಾಗಿ ಮಿತ್ರರಾಷ್ಟ್ರಗಳಿಗೆ ಸುದ್ದಿ ಮುಟ್ಟಿಸಿ, 1943ರಲ್ಲಿ ಜರ್ಮನರ ಸೆರೆ ಸೇರಿದ, 1946ರಲ್ಲಿ ತೀರಿಕೊಂಡ.

ಸೇಂಟ್ ಡೆನಿಸ್‌ನ ಕೆಲಸಗಾರರು ಮಾತ್ರ ಕಣ್ಣು ತೆರೆದಿದ್ದರು. ಸರ್ಕಾರ ಅವನನ್ನು ಮೇಯರ್ ಸ್ಥಾನದಿಂದ ತೆಗೆದಾಗ ಅವನು ಜನ ತೀರ್ಪು ಕೊಡಲಿ ಎಂದು 1937ರಲ್ಲಿ ಮತ್ತೆ ಚುನಾವಣೆಗೆ ನಿಂತ. ತನ್ನ ಸ್ವಂತ ಊರಿನಲ್ಲಿಯೇ ಸೋತ. ಓಟಿನ ಚೀಟಿ ಅವನಿಗೆ 'ನಿಲ್ಲು' ಎಂದಿತು, ಅವನು ಕೇಳಲಿಲ್ಲ.

1931ರಲ್ಲಿ ಹರ್ಡೀಕರರು ಮಾಡಿದ್ದು

ಈಗ ಹುಬ್ಬಳ್ಳಿಗೆ ಮರಳೋಣ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ದಳದ ಕಾರ್ಯಕರ್ತರು ಪಿಕೆಟಿಂಗಿನಲ್ಲೂ ಜೈಲಿನಲ್ಲೂ ಮುಂದಿದ್ದರು. ಹರ್ಡೀಕರರ ಹೆಸರು ದೇಶವೆಲ್ಲ ಹಬ್ಬಿತ್ತು. ಅಲ್ಲಿಯವರೆಗೆ ದಳ ಬಹುಮಟ್ಟಿಗೆ ತನ್ನದೇ ನಿಯಮಗಳಿಂದ ನಡೆಯುತ್ತಿತ್ತು. 1931ರಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಅದನ್ನು ತನ್ನ ಕೇಂದ್ರ ಸ್ವಯಂಸೇವಕ ಸಂಸ್ಥೆಯನ್ನಾಗಿ ಮಾಡಿ, ತನ್ನ ಅಧೀನಕ್ಕೆ ತೆಗೆದುಕೊಂಡಿತು. ತಾವು ಎಂಟು ವರ್ಷ ಬೆವರು ಸುರಿಸಿ ಕಟ್ಟಿದ ದಳ! ಅವರು ಬೇರೆ ಬಾವುಟ ಹಾರಿಸಲಿಲ್ಲ. ನನ್ನ ಹುಡುಗರು ನನ್ನ ಮಾತು ಕೇಳುತ್ತಾರೆ ಎಂದು ತೊಡೆ ತಟ್ಟಲಿಲ್ಲ. ಸಮಿತಿಯ ಅಧೀನದಲ್ಲೇ ದುಡಿದರು. ಕಾಕಿನಾಡದಲ್ಲಿ ದಂಡು ಸಭೆಯನ್ನು ಆಳೀತು ಎಂದವರಿಗೆ ಇದೇ ಉತ್ತರ.

1932ರಲ್ಲಿ ಸರ್ಕಾರ ದಳವನ್ನು ನಿಷೇಧಿಸಿತು. 1934ರಲ್ಲಿ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆಗೆದಾಗಲೂ ದಳದ ಮೇಲಿನದನ್ನು ಕೂಡಲೇ ತೆಗೆಯಲಿಲ್ಲ. ಭಾಷಣಕ್ಕಿಂತ ಶಿಸ್ತಿಗೆ ಆಳುವವರು ಎಷ್ಟು ಹೆಚ್ಚು ಹೆದರುತ್ತಾರೆ ನೋಡಿ! ಘಟಪ್ರಭೆಯಲ್ಲಿ ಕರ್ನಾಟಕ ಆರೋಗ್ಯಧಾಮವನ್ನು ಕಟ್ಟಿ ಬೆಳೆಸಿದವರಲ್ಲಿಯೂ ಹರ್ಡೀಕರರು ಒಬ್ಬರು. ಅಂಗಿ ಬಿಚ್ಚಿದ ಮೇಲೂ ಸೇವೆ ನಿಲ್ಲಲಿಲ್ಲ. 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದು, 1975ರ ಆಗಸ್ಟಿನಲ್ಲಿ ನಿಧನರಾದರು.

ಹಾಗೆಂದು ನಾವು ಆರತಿ ಎತ್ತಿ ಮುಗಿಸಲಾರೆವು. ಸಮಾಜವಾದಿಗಳಾದ ನಮಗೆ ಒಂದು ತಕರಾರಿದೆ. ದಳ ತರುಣನಿಗೆ ನೆಟ್ಟಗೆ ನಿಲ್ಲುವುದನ್ನು ಕಲಿಸಿತು. ಅವನ ಕೂಲಿ ಏಕೆ ಸೊಟ್ಟಗಿದೆ ಎಂದು ಕೇಳುವುದನ್ನು ಅಷ್ಟಾಗಿ ಕಲಿಸಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಪಕ್ಷ ಆಳುವ ಪಕ್ಷವಾಯಿತು. ಸೇವಾ ದಳ ಆಳುವ ಪಕ್ಷದ ದಳವಾಯಿತು. ಆದುದರಿಂದ ಸಮಿತಿಗೆ ತಲೆಬಾಗುವುದು ಅರ್ಧ ಮಾತು. ಆ ಸಮಿತಿಯನ್ನು ಜನ ಆರಿಸಿರಬೇಕು, ಬೇಕಾದಾಗ ಇಳಿಸುವಂತಿರಬೇಕು ಎಂಬುದು ಉಳಿದರ್ಧ. 1941ರಲ್ಲಿ ಎಸ್. ಎಂ. ಜೋಶಿ ಮೊದಲಾದ ಸಮಾಜವಾದಿಗಳು ರಾಷ್ಟ್ರ ಸೇವಾ ದಳವನ್ನು ಕಟ್ಟಿದಾಗ ಕವಾಯತಿನ ಜೊತೆಗೆ ಜಾತಿಯ ಮಾತನ್ನೂ ದುಡಿಮೆಯ ಮಾತನ್ನೂ ಸೇರಿಸಿದ್ದು ಈ ಕೊರತೆಯನ್ನು ಅರಿತೇ.

ನಮ್ಮ ದಳಕ್ಕೆ ನಾಲ್ಕು ಕಟ್ಟಳೆ

ಹಾಗಾದರೆ ದಳ ಬೇಕೇ, ಬೇಡವೇ? ಬೇಕೆಂದೇ ನಮ್ಮ ಮತ. ಶಿಸ್ತಿಲ್ಲದ ಮುಷ್ಕರ ಮೂರನೆಯ ವಾರ ಒಡೆಯುತ್ತದೆ. ಹೊರಗಿನವನೊಬ್ಬ ನಮ್ಮ ಮೆರವಣಿಗೆಯೊಳಗೆ ನುಸುಳಿ ಕಲ್ಲು ಹೊಡೆದರೆ ಲಾಠಿ ಬೀಳುವುದು ನಮ್ಮ ಬೆನ್ನಿಗೆ. ಅವನ ಕೈ ಹಿಡಿಯಲು ನಮ್ಮವರೇ ಬೇಕು. ಆದರೆ ನಾಲ್ಕು ಕಟ್ಟಳೆಗಳನ್ನು ಈ ರಾತ್ರಿಯೇ ಬರೆದು ರುಜು ಹಾಕೋಣ.

ಒಂದನೆಯದು: ದಳದ ನಾಯಕನನ್ನು ಸಂಘದ ಸಾಮಾನ್ಯ ಸಭೆ ಆರಿಸಬೇಕು, ಅದೇ ಸಭೆ ಇಳಿಸಬೇಕು. ಆಣೆಯಲ್ಲಿ ಯಾವ ಮನುಷ್ಯನ ಹೆಸರೂ ಬರಕೂಡದು. ನಮ್ಮ ಹೆಸರೂ ಸಹ.

ಎರಡನೆಯದು: ಕೋಲು ಬೇಡ. ತೋಳಪಟ್ಟಿ ಇರಲಿ, ಅದರ ಮೇಲೆ ಎಲ್ಲರಿಗೂ ಕಾಣುವಂತೆ ನಂಬರು ಇರಲಿ. ತಪ್ಪು ಮಾಡಿದವನು ಯಾರೆಂದು ಅಂಗಡಿಯವರು ನಾಳೆ ಬಂದು ಹೇಳುವಂತಿರಬೇಕು. ದಳದ ಹೆಸರಿನಲ್ಲಿ ಒಂದು ಪೈಸೆಯನ್ನೂ ರಸೀದಿಯಿಲ್ಲದೆ ಎತ್ತಕೂಡದು.

ಮೂರನೆಯದು: ಮೊದಲ ಆರು ತಿಂಗಳು ಕವಾಯತಿಗಿಂತ ಮುಂಚೆ ಕಸಬರಿಕೆ. ಚರಂಡಿ, ಕುಡಿಯುವ ನೀರಿನ ತೊಟ್ಟಿ, ಜಾತ್ರೆಯ ದಿನದ ನೆರಳು, ಕಾಯಿಲೆ ಬಿದ್ದವರನ್ನು ಬಳ್ಳಾರಿಯ ಆಸ್ಪತ್ರೆಗೆ ಮುಟ್ಟಿಸುವುದು. ಇದರಲ್ಲಿ ಯಾವ ಕೇರಿಯವನು ಯಾವ ಕೆಲಸ ಎಂಬ ಭೇದ ಬಂದರೆ ದಳವನ್ನು ಅಂದೇ ಮುಚ್ಚೋಣ.

ನಾಲ್ಕನೆಯದು: ಹೆಂಗಸರು ಸಮನಾಗಿ ಇರಬೇಕು, ಊಟ ಬಡಿಸುವುದಕ್ಕಾಗಿ ಮಾತ್ರವಲ್ಲ. ಜೀನ್ಸ್ ಹೊಲಿಯುವ ನಮ್ಮ ಅಕ್ಕತಂಗಿಯರು ಹಗಲೆಲ್ಲ ಮೆಷೀನು ತುಳಿದು, ಮನೆಗೆ ಬಂದು ರೊಟ್ಟಿ ತಟ್ಟುತ್ತಾರೆ. ಶಿಸ್ತು ಎಂದರೇನೆಂದು ಅವರು ನಮಗೆ ಕಲಿಸಬಲ್ಲರು.

ತರುಣರೇ, ಈ ಕಟ್ಟಳೆಗಳು ನಿಮ್ಮ ಕಾಲಿಗೆ ಹಾಕಿದ ಬೇಡಿ ಎಂದು ತಿಳಿಯಬೇಡಿ. ಹುಬ್ಬಳ್ಳಿಯವರು ನಾಗಪುರದ ಜೈಲಿನಲ್ಲಿ ಕ್ಷಮಾಪಣೆ ಬರೆಯದೆ ನಿಂತದ್ದು ಇಂಥ ಕಟ್ಟಳೆಯ ಬಲದಿಂದ. ಡೊರಿಯೊ ಸಹ ಜೈಲು ಕಂಡವನು, ಧೈರ್ಯಶಾಲಿ, ನಮ್ಮ ಹಾಗೆ ಕಬ್ಬಿಣ ಬಡಿದವನು. ಅವನಿಗೆ ಕೊರತೆಯಾದದ್ದು ಒಂದೇ: 'ನಿಲ್ಲು' ಎಂದವರ ಮಾತಿಗೆ ನಿಲ್ಲುವ ಗುಣ.

ವ್ಯಾಪಾರಿ ಬಂಧುಗಳೇ, ನಿಮಗೂ ಒಂದು ಮಾತು. ಫ್ರಾನ್ಸಿನಲ್ಲಿ ಕಳ್ಳರ ಮೇಲಿನ ಸಿಟ್ಟಿನಿಂದ ನಿಮ್ಮಂಥವರೇ ಆ ಕರ್ನಲನ ಹಿಂದೆ ಹೋದರು. ಕೆಲಸಗಾರನನ್ನು ಕಂಡರೆ ಭಯ, ದೊಡ್ಡ ಸಾಹುಕಾರನನ್ನು ಕಂಡರೆ ಸಿಟ್ಟು. ನಡುವೆ ನಿಂತವನಿಗೆ ಸಮವಸ್ತ್ರದವನು ಆಸರೆಯಂತೆ ಕಂಡ. ನಿಮ್ಮ ಆಸರೆ ಆ ಉದ್ರಿ ಪುಸ್ತಕದಲ್ಲಿದೆ. ಅದರಲ್ಲಿರುವ ಹೆಸರುಗಳೆಲ್ಲ ಇಲ್ಲಿ ಕುಳಿತಿವೆ. ಆದುದರಿಂದ ದಳದ ಮೇಲ್ವಿಚಾರಣೆಯ ಸಮಿತಿಯಲ್ಲಿ ಇಬ್ಬರು ಅಂಗಡಿಕಾರರೂ ಇರಬೇಕೆಂದು ನಾವು ಸೂಚಿಸುತ್ತೇವೆ.

ದಳ ಕಟ್ಟುವುದೆಂದು ತೀರ್ಮಾನವಾದರೆ, ಮೊದಲ ಭಾನುವಾರದ ಮೊದಲ ಕೆಲಸ ಯಾವುದೆಂದು ಈಗಲೇ ಹೇಳಿಬಿಡುತ್ತೇವೆ. ತೋಳಪಟ್ಟಿ ಕಟ್ಟಿಕೊಂಡು ಎಲ್ಲರೂ ಸಾಲಾಗಿ ಆ ಮುದುಕ ಶೆಟ್ಟರ ಅಂಗಡಿಗೆ ಹೋಗೋಣ. ಅಂದು ಚೆಲ್ಲಿದಷ್ಟು ಜೋಳವನ್ನು ಅಳೆದು ಕೊಡೋಣ. ಅಂದು ಸುಮ್ಮನೆ ನಿಂತಿದ್ದ ನಾವೇ ಆ ಸಾಲಿನ ಮುಂದೆ ಚೀಲ ಹೊತ್ತು ನಡೆಯುತ್ತೇವೆ.

ಇಷ್ಟು ಹೇಳಿ ನಮ್ಮ ಮಾತು ಮುಗಿಸುತ್ತೇವೆ. ಇನ್ನು ಸಭೆ ತೀರ್ಮಾನಿಸಲಿ. ಸಭೆ ಬೇಡವೆಂದರೆ ನಾವು ಬೇಡವೆನ್ನುತ್ತೇವೆ. ಅದೂ ನಮ್ಮ ಮೊದಲ ಕವಾಯತೇ.